ಜ್ವರ ಬಂದು ಎಷ್ಟನೇ ದಿನ? ಡೆಂಗಿ ಪಿಸಿಆರ್‌ಗೆ ಮುಂಚೆ ಕೇಳಬೇಕಾದ ಮಾತು

ಪ್ರಶ್ನೆ: ನಾವು ತಿಪಟೂರಿನವರು. ಮನೆಯಲ್ಲಿ ನಾನು, ಯಜಮಾನರು, 12 ವರ್ಷದ ಮಗ. ನಾನೀಗ 15 ವಾರದ ಗರ್ಭಿಣಿ. ಮೂರು ವಾರದ ಹಿಂದೆ ಸೋಮವಾರ ಯಜಮಾನರಿಗೆ ಜೋರು ಜ್ವರ, ಗಂಟು ನೋವು ಶುರುವಾಯಿತು. ಶುಕ್ರವಾರ ಮಗನಿಗೂ ಜ್ವರ ಬಂತು. ಶನಿವಾರ ಇಬ್ಬರಿಗೂ ಒಂದೇ ಲ್ಯಾಬಿನಲ್ಲಿ ಡೆಂಗಿ ಕಾರ್ಡ್ ಟೆಸ್ಟ್ ಮಾಡಿಸಿದೆವು. ಯಜಮಾನರಿಗೆ ಎನ್‌ಎಸ್1 ನೆಗೆಟಿವ್, ಆದರೆ ಐಜಿಎಂ, ಐಜಿಜಿ ಎರಡೂ ಪಾಸಿಟಿವ್. ಮಗನಿಗೆ ಮೂರೂ ನೆಗೆಟಿವ್. ಲ್ಯಾಬಿನವರು ‘ಕಾರ್ಡ್ ನಂಬಬೇಡಿ, ಮಾಲಿಕ್ಯುಲರ್ ಟೆಸ್ಟ್ ಮಾಡಿಸಿ, ಒಂದು ಗಂಟೆಯಲ್ಲಿ ಗೊತ್ತಾಗುತ್ತೆ’ ಎಂದರು. ಮಗನಿಗೆ ಅಂದೇ ಮಾಡಿಸಿದೆವು. ಡೆಂಗಿ ಪಾಸಿಟಿವ್, ಡೆನ್-2, ಸಿಟಿ 33 ಎಂದು ಬಂತು. ಚಿಕುನ್‌ಗುನ್ಯ, ಝೀಕಾ ನೆಗೆಟಿವ್. ಗಾಬರಿಯಾಗಿ ಮಂಗಳವಾರ ಯಜಮಾನರಿಗೂ ಅದೇ ಟೆಸ್ಟ್ ಮಾಡಿಸಿದರೆ ಮೂರೂ ನೆಗೆಟಿವ್! ಈಗ ಇಬ್ಬರೂ ಹುಷಾರಾಗಿದ್ದಾರೆ. ಆದರೆ ಯಾವ ರಿಪೋರ್ಟ್ ನಂಬಬೇಕು? ಸಿಟಿ 33 ಅಂದರೆ ಕಡಿಮೆ ಡೆಂಗಿಯಾ? ಡೆನ್-2 ಅಪಾಯಕಾರಿ ಅಂತಾರಲ್ಲ, ಹೌದಾ? ಮಗನಿಗೆ ಅಪ್ಪನಿಂದಲೇ ಬಂತಾ? ನನಗೆ ಜ್ವರ ಬಂದಿಲ್ಲ, ಆದರೂ ಹೊಟ್ಟೆಯಲ್ಲಿರುವ ಮಗುವಿಗೋಸ್ಕರ ನಾನೂ ಪಿಸಿಆರ್ ಮಾಡಿಸಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಯಾವ ದಿನ ಜ್ವರ ಬಂತು, ಯಾವ ದಿನ ಟೆಸ್ಟ್ ಆಯಿತು ಅಂತ ಸರಿಯಾಗಿ ಬರೆದಿದ್ದೀರಿ. ನಮ್ಮ ಲ್ಯಾಬಿಗೆ ಬರುವ ಅರ್ಜಿಗಳಲ್ಲಿ ‘ಜ್ವರ ಶುರುವಾದ ದಿನಾಂಕ’ ಅನ್ನುವ ಕಲಂ ಬಹಳ ಸಲ ಖಾಲಿ ಇರುತ್ತದೆ. ಹೆಸರು, ವಯಸ್ಸು, ಫೋನ್ ನಂಬರ್ ಎಲ್ಲ ಇರುತ್ತೆ, ಬೇಕಾದದ್ದೇ ಇರಲ್ಲ. ನೀವು ಕೊಟ್ಟ ದಿನಗಳನ್ನು ಇಟ್ಟುಕೊಂಡೇ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಹೇಳಬಹುದು. ನಿಮ್ಮ ಮನೆಯ ನಾಲ್ಕು ರಿಪೋರ್ಟ್‌ಗಳಲ್ಲಿ ಯಾವುದೂ ಸುಳ್ಳು ಹೇಳಿಲ್ಲ. ಪ್ರತಿಯೊಂದೂ ತನ್ನನ್ನು ಕೇಳಿದ ಪ್ರಶ್ನೆಗೆ, ಆ ದಿನದ ಮಟ್ಟಿಗೆ ಉತ್ತರ ಕೊಟ್ಟಿದೆ.

ಡೆಂಗಿ ವೈರಸ್ ರಕ್ತದಲ್ಲಿ ತುಂಬಾ ದಿನ ಇರುವುದಿಲ್ಲ. ಜ್ವರ ಕಾಣಿಸಿಕೊಳ್ಳುವುದಕ್ಕೆ ಒಂದೆರಡು ದಿನ ಮೊದಲೇ ರಕ್ತಕ್ಕೆ ಬರುತ್ತದೆ. ಜ್ವರದ ಮೊದಲ ಎರಡು ಮೂರು ದಿನ ಜಾಸ್ತಿ ಇರುತ್ತದೆ. ಐದನೇ ದಿನದ ಹೊತ್ತಿಗೆ ಇಳಿಯುತ್ತಾ ಹೋಗಿ, ಏಳನೇ ದಿನ ದಾಟಿದರೆ ಹೆಚ್ಚಿನವರಲ್ಲಿ ಸಿಗುವುದೇ ಇಲ್ಲ. ಪಿಸಿಆರ್, ಅಂದರೆ ನಿಮ್ಮ ಲ್ಯಾಬಿನವರು ಹೇಳಿದ ಮಾಲಿಕ್ಯುಲರ್ ಟೆಸ್ಟ್, ಹುಡುಕುವುದು ಈ ವೈರಸ್ಸಿನ ಆರ್‌ಎನ್‌ಎಯನ್ನು, ಅಂದರೆ ಅದರ ವಂಶವಾಹಿ ವಸ್ತುವನ್ನು. ಎನ್‌ಎಸ್1 ಅನ್ನುವುದು ವೈರಸ್ ತಯಾರಿಸಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನು. ಅದೂ ಮೊದಲ ದಿನದಿಂದಲೇ ಸಿಗುತ್ತದೆ, ವೈರಸ್ಸಿಗಿಂತ ಸ್ವಲ್ಪ ಜಾಸ್ತಿ ದಿನ ಉಳಿಯುತ್ತದೆ. ಐಜಿಎಂ, ಐಜಿಜಿ ಮಾತ್ರ ವೈರಸ್ಸಿನದಲ್ಲ, ನಮ್ಮ ಮೈ ತಯಾರಿಸುವ ಪ್ರತಿಕಾಯಗಳು. ಐಜಿಎಂ ನಾಲ್ಕೈದನೇ ದಿನದಿಂದ ಕಾಣಿಸಿಕೊಂಡು ಎರಡು ಮೂರು ತಿಂಗಳು ಇರುತ್ತದೆ. ಐಜಿಜಿ ವರ್ಷಗಟ್ಟಲೆ ಇರುತ್ತದೆ.

ಈಗ ಯಜಮಾನರ ಲೆಕ್ಕ ನೋಡಿ. ಸೋಮವಾರ ಮೊದಲ ದಿನ, ಶನಿವಾರ ಆರನೇ ದಿನ. ಐಜಿಎಂ ಬರಬೇಕಾದ ಸಮಯ, ಬಂದಿದೆ. ಜೊತೆಗೆ ಐಜಿಜಿಯೂ ಬಂದಿದೆ. ಹಾಗಾದರೆ ಇದು ಬಹುಶಃ ಅವರ ಎರಡನೇ ಡೆಂಗಿ. ಹಿಂದೆ ಯಾವಾಗಲೋ ‘ವೈರಲ್ ಫೀವರ್’ ಅಂತ ಮಲಗಿ ಎದ್ದಿರುತ್ತಾರೆ, ನೆನಪೂ ಇರಲಿಕ್ಕಿಲ್ಲ. ಎರಡನೇ ಸಲ ಬಂದವರಲ್ಲಿ ಹಳೆಯ ಪ್ರತಿಕಾಯಗಳು ಎನ್‌ಎಸ್1 ಪ್ರೋಟೀನನ್ನು ಬೇಗ ಹಿಡಿದುಹಾಕುತ್ತವೆ. ಕಾರ್ಡಿಗೆ ಅದು ಸಿಗುವುದಿಲ್ಲ. ಎನ್‌ಎಸ್1 ನೆಗೆಟಿವ್ ಬಂದದ್ದು ಹೀಗೆ. ಇನ್ನು ಮಂಗಳವಾರ ಅವರಿಗೆ ಒಂಬತ್ತನೇ ದಿನ. ಆ ದಿನ ಪಿಸಿಆರ್ ಮಾಡಿಸಿ ನೆಗೆಟಿವ್ ಬಂತು, ಡೆಂಗಿ ಇರಲಿಲ್ಲ ಅನ್ನುವುದು, ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದು ಇವತ್ತು ಬಸ್ಸೇ ಬರಲಿಲ್ಲ ಅಂದ ಹಾಗೆ. ಆ ಟೆಸ್ಟಿಗೆ ಕೊಟ್ಟ ದುಡ್ಡು ನಿಜಕ್ಕೂ ದಂಡ. ‘ಜ್ವರ ಬಂದು ಎಷ್ಟು ದಿನ ಆಯಿತು’ ಎಂದು ಲ್ಯಾಬಿನವರು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಮಗನದ್ದು ಇದಕ್ಕೆ ತದ್ವಿರುದ್ಧ. ಶನಿವಾರ ಅವನಿಗೆ ಎರಡನೇ ದಿನ. ಪ್ರತಿಕಾಯ ಇನ್ನೂ ಹುಟ್ಟಿಲ್ಲ, ಹಾಗಾಗಿ ಐಜಿಎಂ ನೆಗೆಟಿವ್. ಎನ್‌ಎಸ್1 ಸಿಗಬಹುದಿತ್ತು, ಆದರೆ ಕಾರ್ಡಿನಲ್ಲಿ ತೆಳುವಾದ ಗೆರೆ ಕಣ್ಣಿಗೆ ಬೀಳದೆ ಹೋಗುವುದೂ ಉಂಟು, ಮಟ್ಟ ಕಡಿಮೆ ಇದ್ದು ಗೆರೆಯೇ ಮೂಡದಿರುವುದೂ ಉಂಟು. ಪಿಸಿಆರ್ ಮಾತ್ರ ಅಷ್ಟು ಕಡಿಮೆ ವೈರಸ್ಸನ್ನೂ ಹಿಡಿಯಿತು. ಇಲ್ಲಿ ಮಾಲಿಕ್ಯುಲರ್ ಟೆಸ್ಟ್ ತನ್ನ ಕೆಲಸ ಮಾಡಿದೆ. ಲ್ಯಾಬಿನವರು ‘ಕಾರ್ಡ್ ನಂಬಬೇಡಿ’ ಎಂದದ್ದು ಮಗನ ವಿಷಯದಲ್ಲಿ ಸರಿ, ಅಪ್ಪನ ವಿಷಯದಲ್ಲಿ ತಪ್ಪು. ಒಂದೇ ಲ್ಯಾಬು, ಒಂದೇ ದಿನ, ಒಂದೇ ಕಾರ್ಡು. ಜ್ವರದ ದಿನ ಬೇರೆ, ಅಷ್ಟೇ.

ಒಂದು ಮಾತು ಸೇರಿಸಬೇಕು. ಸರ್ಕಾರದ ರೋಗವಾಹಕ ನಿಯಂತ್ರಣ ಕಾರ್ಯಕ್ರಮ ಕಾರ್ಡ್ ಪಾಸಿಟಿವ್ ಬಂದವರನ್ನು ‘ಡೆಂಗಿ ಇರಬಹುದು’ ಎಂದು ಮಾತ್ರ ಲೆಕ್ಕ ಹಾಕುತ್ತದೆ. ಖಚಿತ ಎನ್ನುವುದಕ್ಕೆ ಅದು ನೆಚ್ಚಿರುವುದು ಎಲೈಸಾವನ್ನು, ಅಂದರೆ ಲ್ಯಾಬಿನ ಯಂತ್ರದಲ್ಲಿ ಅಳೆದು ನೋಡುವ ರಕ್ತಪರೀಕ್ಷೆಯನ್ನು. ಮೊದಲ ಐದು ದಿನ ಎನ್‌ಎಸ್1 ಎಲೈಸಾ, ಆಮೇಲೆ ಐಜಿಎಂ ಎಲೈಸಾ. ಜಿಲ್ಲಾ ಆಸ್ಪತ್ರೆಗಳಂಥ ಸರ್ಕಾರಿ ಪರೀಕ್ಷಾ ಕೇಂದ್ರಗಳಲ್ಲಿ ಇದು ಉಚಿತ. ಖಾಸಗಿಯಲ್ಲೂ 2024ರ ಜುಲೈನಲ್ಲಿ ರಾಜ್ಯ ಸರ್ಕಾರ ದರ ಕಟ್ಟಿತು: ಎನ್‌ಎಸ್1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300, ಮೂರೂ ನೋಡುವ ಕಾರ್ಡಿಗೆ 250. ಪಿಸಿಆರ್‌ಗೆ ಅದರ ಹಲವು ಪಟ್ಟು ತೆಗೆದುಕೊಳ್ಳುತ್ತಾರೆ. ಹಾಗಾಗಿ ಅದು ಯಾರಿಗೆ ಬೇಕು, ಯಾವಾಗ ಬೇಕು ಅನ್ನುವುದು ದುಡ್ಡಿನ ಪ್ರಶ್ನೆಯೂ ಹೌದು.

‘ಒಂದು ಗಂಟೆ’ ಅನ್ನುವ ಮಾತಿಗೆ ಬರುತ್ತೇನೆ. ದೊಡ್ಡ ಲ್ಯಾಬುಗಳಲ್ಲಿ ಆರ್‌ಟಿ-ಪಿಸಿಆರ್ ಮಾಡುವುದು 96 ಗುಳಿಗಳಿರುವ ತಟ್ಟೆಯಲ್ಲಿ. ಮೊದಲು ರಕ್ತದಿಂದ ಆರ್‌ಎನ್‌ಎ ಬೇರ್ಪಡಿಸಬೇಕು. ಅದನ್ನು ಡಿಎನ್‌ಎಗೆ ಬದಲಾಯಿಸಬೇಕು. ಆಮೇಲೆ ಬಿಸಿ ಮಾಡು, ತಂಪು ಮಾಡು, ಮತ್ತೆ ಬಿಸಿ ಮಾಡು ಎಂದು ನಲವತ್ತು ಸುತ್ತು. ಪ್ರತಿ ಸುತ್ತಿಗೂ ಗುರಿ ಇಟ್ಟ ತುಣುಕು ಎರಡರಷ್ಟಾಗುತ್ತದೆ. ಯಂತ್ರದ ಕೆಲಸ ಕೆಲವೇ ಗಂಟೆಗಳದ್ದು. ಆದರೆ ಒಂದು ಸ್ಯಾಂಪಲ್ಲಿಗೋಸ್ಕರ ಇಡೀ ತಟ್ಟೆ ಓಡಿಸುವುದಿಲ್ಲ, ಇನ್ನಷ್ಟು ಬರಲಿ ಎಂದು ಕಾಯುತ್ತಾರೆ. ರಿಪೋರ್ಟ್ ಮಾರನೇ ದಿನ ಬರುವುದು ಅದಕ್ಕೇ.

ಹೊಸ ಪುಟ್ಟ ಯಂತ್ರಗಳಲ್ಲಿ ಈ ಕಾಯುವಿಕೆ ಇಲ್ಲ. ಗೋವಾದ ಮೊಲ್‌ಬಯೋ ಕಂಪನಿಯ ಟ್ರೂನ್ಯಾಟ್ ಯಂತ್ರ ನೀವು ನೋಡಿರಬಹುದು. ಟಿಬಿಗೆ, ಆಮೇಲೆ ಕೋವಿಡ್ ಸಮಯದಲ್ಲಿ ತಾಲೂಕು ಆಸ್ಪತ್ರೆಗಳವರೆಗೂ ಬಂತು. ಬ್ಯಾಟರಿಯಲ್ಲೂ ನಡೆಯುತ್ತದೆ. ಒಬ್ಬ ರೋಗಿಗೆ ಒಂದು ಚಿಪ್ಪು (ಟೆಸ್ಟ್ ನಡೆಯುವ ಪುಟ್ಟ ಚಿಪ್). ಆರ್‌ಎನ್‌ಎ ಬೇರ್ಪಡಿಸುವ ಪೆಟ್ಟಿಗೆಯಿಂದ ಹೊರಬಂದ ಕೆಲವು ಹನಿಯನ್ನು ಆ ಚಿಪ್ಪಿನ ಬಿಳಿ ಗುಳಿಗೆ ಹಾಕಿ ಯಂತ್ರದೊಳಗೆ ತಳ್ಳಿದರೆ, ಪರದೆಯ ಮೇಲೆ ಗೆರೆ ಮೇಲೇಳುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಎಲ್ಲ ಸೇರಿ ಸುಮಾರು ಒಂದು ಗಂಟೆ. ಡೆಂಗಿಗೆ, ಚಿಕುನ್‌ಗುನ್ಯಕ್ಕೆ ಇದರಲ್ಲಿ ಬೇರೆ ಬೇರೆ ಚಿಪ್ಪುಗಳಿವೆ. ಆದರೆ ಯಂತ್ರ ಇದ್ದ ಮಾತ್ರಕ್ಕೆ ಡೆಂಗಿ ಚಿಪ್ಪು ಇರುತ್ತದೆ ಎಂದೇನಿಲ್ಲ. ಫೋನ್ ಮಾಡಿ ಕೇಳಿಯೇ ಹೋಗಬೇಕು. ಇನ್ನೊಂದು ಬಗೆ ಲ್ಯಾಂಪ್ ಎನ್ನುವುದು. 2000ನೇ ಇಸವಿಯಲ್ಲಿ ಜಪಾನಿನವರು ಪ್ರಕಟಿಸಿದ ವಿಧಾನ. ಬಿಸಿ-ತಂಪು ಮಾಡುವ ಗೋಜಿಲ್ಲದೆ 60-65 ಡಿಗ್ರಿಯಲ್ಲೇ ನಡೆಯುತ್ತದೆ, ಕೊನೆಗೆ ಬಣ್ಣ ಬದಲಾಗುವಂತೆ ಮಾಡಬಹುದು. ಕೇಳಲು ಚೆನ್ನಾಗಿದೆ. ಆದರೆ ಅರೆಬರೆ ಬದಲಾದ ಬಣ್ಣ ನೋಡಿ ಇಬ್ಬರು ಎರಡು ಥರ ಓದುವುದುಂಟು. ಡೆಂಗಿಗೆ ನಮ್ಮ ಕಡೆ ಇನ್ನೂ ಅಷ್ಟಾಗಿ ಬಳಕೆಗೆ ಬಂದಿಲ್ಲ.

ಯಂತ್ರ ಎಷ್ಟೇ ವೇಗದ್ದಾದರೂ ಅದರೊಳಗೆ ಹೋಗುವ ರಕ್ತ ಸರಿಯಿರಬೇಕು, ಅಲ್ವಾ? ಆರ್‌ಎನ್‌ಎ ಬಹಳ ನಾಜೂಕು. ರಕ್ತ ತೆಗೆದ ಮೇಲೆ ಫ್ರಿಜ್ಜಿನ ತಂಪಿನಲ್ಲಿ, ಅಂದರೆ 2ರಿಂದ 8 ಡಿಗ್ರಿಯಲ್ಲಿ, ಬೇಗ ಲ್ಯಾಬು ಸೇರಬೇಕು. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್‌ಪ್ಯಾಕ್ ಜೊತೆ ಬರಬೇಕಾದ ಟ್ಯೂಬು ಯಾರದೋ ಅಂಗಿ ಜೇಬಿನಲ್ಲಿ, ಮಧ್ಯಾಹ್ನದ ಬಸ್ಸಿನಲ್ಲಿ ಬಂದದ್ದನ್ನು ನಾವು ನೋಡಿದ್ದೇವೆ. ಕೈಗೆ ತೆಗೆದುಕೊಂಡರೆ ಬೆಚ್ಚಗೆ. ಅಂಥ ಸ್ಯಾಂಪಲ್ಲಿನಲ್ಲಿ ನೆಗೆಟಿವ್ ಬಂದರೆ ಅದಕ್ಕೆ ಬೆಲೆಯಿಲ್ಲ. ಟ್ಯೂಬಿನ ಮುಚ್ಚಳದ ಬಣ್ಣವೂ ಮುಖ್ಯ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ನಡೆಯುತ್ತದೆ. ಹಸಿರು ಮುಚ್ಚಳದ್ದರಲ್ಲಿ ಹೆಪಾರಿನ್ ಇರುತ್ತದೆ, ಅದು ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಒಳ್ಳೆಯ ಕಿಟ್‌ಗಳಲ್ಲಿ ಟೆಸ್ಟ್ ಸರಿಯಾಗಿ ನಡೆಯಿತೋ ಇಲ್ಲವೋ ಎಂದು ತಾನೇ ಹೇಳುವ ಒಂದು ಒಳಪರೀಕ್ಷೆ ಇರುತ್ತದೆ. ಅದು ಕೈಕೊಟ್ಟರೆ ‘ಮತ್ತೆ ಸ್ಯಾಂಪಲ್ ಕಳಿಸಿ’ ಅನ್ನಬೇಕು, ‘ನೆಗೆಟಿವ್’ ಅನ್ನಬಾರದು.

ತಪ್ಪು ಪಾಸಿಟಿವ್ ಬರುವುದಿಲ್ಲವೇ ಎಂದರೆ, ಬರುತ್ತದೆ. ನಲವತ್ತು ಸುತ್ತು ದಾಟಿದ ಟ್ಯೂಬಿನಲ್ಲಿ ಕೋಟಿಗಟ್ಟಲೆ ಪ್ರತಿಗಳಿರುತ್ತವೆ. ಅದನ್ನು ತೆರೆದು ಅದೇ ಮೇಜಿನ ಮೇಲೆ ಮುಂದಿನವರ ಸ್ಯಾಂಪಲ್ ಇಟ್ಟರೆ ಅವರಿಗೂ ‘ಡೆಂಗಿ’ ಬಂತೆಂದೇ ಲೆಕ್ಕ. ಅದಕ್ಕೇ ಪಿಸಿಆರ್ ಲ್ಯಾಬಿನಲ್ಲಿ ಬೇರೆ ಬೇರೆ ಕೋಣೆ ಇರುತ್ತದೆ, ಒಂದು ಕಡೆಯಿಂದ ಹೋದವರು ಹಿಂದಕ್ಕೆ ಬರುವಂತಿಲ್ಲ. ಮುಚ್ಚಿದ ಚಿಪ್ಪಿನ ಯಂತ್ರಗಳಲ್ಲಿ ಈ ಭಯ ಕಡಿಮೆ.

ಸಿಟಿ 33ರ ವಿಷಯ. ಕೋವಿಡ್ ನಂತರ ಈ ಸಿಟಿ ಸಂಖ್ಯೆ ಜನರ ಬಾಯಲ್ಲಿ ಸಕ್ಕರೆ ಕಾಯಿಲೆಯ ಶುಗರ್ ಲೆವೆಲ್ ಥರ ಆಗಿಬಿಟ್ಟಿದೆ. ಗೆರೆ ಮೇಲೇಳಲು ಎಷ್ಟು ಸುತ್ತು ಬೇಕಾಯಿತು ಅನ್ನುವುದೇ ಸಿಟಿ. ವೈರಸ್ ಜಾಸ್ತಿ ಇದ್ದರೆ ಬೇಗ ಏಳುತ್ತದೆ, ಸಂಖ್ಯೆ ಕಡಿಮೆ. ಸುಮಾರು 3.3 ಸುತ್ತಿನ ವ್ಯತ್ಯಾಸ ಅಂದರೆ ವೈರಸ್ಸಿನಲ್ಲಿ ಹತ್ತು ಪಟ್ಟು ವ್ಯತ್ಯಾಸ. ಆ ಲೆಕ್ಕದಲ್ಲಿ 23ಕ್ಕೂ 33ಕ್ಕೂ ಸಾವಿರ ಪಟ್ಟು ಅಂತರ. ಇಷ್ಟರ ಮಟ್ಟಿಗೆ ನಿಮ್ಮ ಊಹೆ ಸರಿ, ಮಗನ ಸ್ಯಾಂಪಲ್ಲಿನಲ್ಲಿ ವೈರಸ್ ಕಡಿಮೆ ಇತ್ತು. ಆದರೆ ಸ್ಯಾಂಪಲ್ ಸ್ವಲ್ಪ ಕೆಟ್ಟಿದ್ದರೂ ಸಂಖ್ಯೆ ಮೇಲೆ ಹೋಗುತ್ತದೆ. ಕಿಟ್ ಬದಲಾದರೂ ಬದಲಾಗುತ್ತದೆ. ಎಲ್ಲಕ್ಕಿಂತ ದೊಡ್ಡ ವಿಷಯ ಬೇರೆಯೇ ಇದೆ.

ಡೆಂಗಿಯಲ್ಲಿ ಅಪಾಯ ಬರುವುದು ವೈರಸ್ ಏರುವಾಗಲ್ಲ, ಇಳಿಯುವಾಗ. ಜ್ವರದ ಮೂರರಿಂದ ಏಳನೇ ದಿನದೊಳಗೆ, ಮೈ ತಣ್ಣಗಾಗುತ್ತಿದ್ದಂತೆ, ಕೆಲವರಲ್ಲಿ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರಲು ಶುರುವಾಗುತ್ತದೆ. ಸೋರುವ ಕಾಲ ಒಂದೆರಡು ದಿನ. ಇದಕ್ಕೆ ಕಾರಣ ಬಹುಮಟ್ಟಿಗೆ ನಮ್ಮ ಮೈಯ ಪ್ರತಿರೋಧವೇ. ರಕ್ತ ಗಟ್ಟಿಯಾಗುತ್ತದೆ, ಬಿಪಿ ಬೀಳುತ್ತದೆ. ಆ ಹೊತ್ತಿಗೆ ರಕ್ತದಲ್ಲಿ ವೈರಸ್ ಬಹಳ ಕಡಿಮೆಯಾಗಿರುತ್ತದೆ. ಐಸಿಯುನಲ್ಲಿ ಮಲಗಿರುವ ಡೆಂಗಿ ರೋಗಿಯ ಪಿಸಿಆರ್ ನೆಗೆಟಿವ್ ಬರುವುದು ನಮಗೆ ಹೊಸದೇನಲ್ಲ. ಜ್ವರ ಬಿಟ್ಟಿತು, ಪಿಸಿಆರ್‌ನಲ್ಲಿ ವೈರಸ್ ಇಲ್ಲ, ಹುಷಾರಾದ ಅಂತ ಮನೆಯವರು ನಿಟ್ಟುಸಿರು ಬಿಡುವ ದಿನವೇ ಹೊಟ್ಟೆನೋವು ಶುರುವಾಗಿ, ಬಿಟ್ಟೂ ಬಿಡದೆ ವಾಂತಿಯಾಗಿ, ಒಸಡಿನಲ್ಲಿ ರಕ್ತ ಜಿನುಗಿ, ಮಗು ಮಂಕಾಗಿ ಮಲಗಬಹುದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಯಾವ ರಿಪೋರ್ಟಿಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಆಗ ನೋಡುವುದು ಸಿಬಿಸಿಯನ್ನು (ರಕ್ತಕಣಗಳ ಎಣಿಕೆ), ಅದರಲ್ಲೂ ಪ್ಲೇಟ್‌ಲೆಟ್ ಇಳಿಯುವುದರ ಜೊತೆಗೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಿದೆಯೇ ಎಂದು. ಕಡಿಮೆ ಖರ್ಚಿನ ಟೆಸ್ಟು ಅದು. ಪ್ಲೇಟ್‌ಲೆಟ್ ಒಂದನ್ನೇ ಹಿಡಿದುಕೊಂಡು ಗಾಬರಿಯಾಗುವುದು ನಮ್ಮಲ್ಲಿ ಜಾಸ್ತಿ. ಪಪ್ಪಾಯಿ ಎಲೆ ರಸದ ಹಿಂದೆ ಓಡಾಡುವ ಹೊತ್ತಿನಲ್ಲಿ ಮಗು ಎಷ್ಟು ಸಲ ಉಚ್ಚೆ ಹೊಯ್ಯಿತು ಎಂದು ಎಣಿಸಿದರೆ ವೈದ್ಯರಿಗೆ ಹೆಚ್ಚು ಉಪಯೋಗ.

ಡೆನ್-2 ಬಗ್ಗೆ ಕೇಳಿದ್ದೀರಿ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ನಾಲ್ಕೂ ನಮ್ಮ ದೇಶದಲ್ಲಿ ಓಡಾಡುತ್ತಿವೆ. ಯಾವುದರಿಂದ ಬೇಕಾದರೂ ಸುಲಭದ ಜ್ವರವೂ ಬರಬಹುದು, ಗಂಭೀರವೂ ಆಗಬಹುದು. ಒಂದು ಬಗೆ ಬಂದು ಹೋದರೆ ಆ ಬಗೆಯಿಂದ ಜೀವನಪೂರ್ತಿ ರಕ್ಷಣೆ. ಬೇರೆ ಬಗೆ ಎರಡನೇ ಸಲ ಬಂದಾಗ ತೊಂದರೆ ಜಾಸ್ತಿಯಾಗುವ ಸಂಭವ ಹೆಚ್ಚು. ಹಾಗೆ ನೋಡಿದರೆ ನಿಮ್ಮ ಮನೆಯಲ್ಲಿ ಹೆಚ್ಚು ಜೋಪಾನ ಮಾಡಬೇಕಿದ್ದದ್ದು ಐಜಿಜಿ ಪಾಸಿಟಿವ್ ಬಂದ ಯಜಮಾನರನ್ನು. ‘ಡೆನ್-2’ ಎಂಬ ಎರಡಕ್ಷರ ನೋಡಿ ಎಲ್ಲರ ಕಣ್ಣೂ ಮಗನ ಮೇಲೆ ಹೋಗಿರುತ್ತದೆ, ಅಲ್ವಾ? ಬಗೆ ಯಾವುದು ಅನ್ನುವುದು ಊರಿನಲ್ಲಿ ಯಾವ ವೈರಸ್ ಹೆಚ್ಚಾಗುತ್ತಿದೆ ಎಂದು ತಿಳಿಯಲು ಆರೋಗ್ಯ ಇಲಾಖೆಗೆ ಬೇಕು. ಚಿಕಿತ್ಸೆ ಮಾತ್ರ ನಾಲ್ಕಕ್ಕೂ ಒಂದೇ: ವಿಶ್ರಾಂತಿ, ನೀರು-ಗಂಜಿ-ಓಆರ್‌ಎಸ್, ಜ್ವರಕ್ಕೆ ಪ್ಯಾರಾಸಿಟಮಾಲ್, ಮತ್ತು ಕಣ್ಣಿಟ್ಟು ಕಾಯುವುದು. ಡೆಂಗಿ ವೈರಸ್ಸನ್ನೇ ಕೊಲ್ಲುವ ಮಾತ್ರೆ ಇನ್ನೂ ಬಳಕೆಗೆ ಬಂದಿಲ್ಲ.

ಯಜಮಾನರ ಗಂಟು ನೋವಿನ ಬಗ್ಗೆ ಎರಡು ಮಾತು. ಡೆಂಗಿಯಲ್ಲೂ ಮೈಕೈ ನೋವು ಜೋರೇ. ಆದರೆ ಜ್ವರ ಬಂದು ಮೂರು ವಾರವಾದರೂ ಬೆರಳು, ಮಣಿಕಟ್ಟು, ಕಾಲಿನ ಗಂಟು ಊದಿಕೊಂಡಿದ್ದರೆ ಚಿಕುನ್‌ಗುನ್ಯವೂ ಜೊತೆಗಿತ್ತೇ ಎಂದು ನೋಡಬೇಕು. ಎರಡನ್ನೂ ಹರಡುವುದು ಒಂದೇ ಈಡಿಸ್ ಸೊಳ್ಳೆ, ಒಟ್ಟಿಗೇ ಬರುವುದುಂಟು. 2006ರಲ್ಲಿ ನಮ್ಮ ರಾಜ್ಯದಲ್ಲಿ ಲಕ್ಷಾಂತರ ಜನ ನೆಟ್ಟಗೆ ನಡೆಯಲಾಗದೆ ಒದ್ದಾಡಿದ್ದು ಹಿರಿಯರಿಗೆ ನೆನಪಿರುತ್ತದೆ. ಚಿಕುನ್‌ಗುನ್ಯ ಪಿಸಿಆರ್ ಕೂಡ ಮೊದಲ ವಾರಕ್ಕೆ ಮಾತ್ರ. ಒಂಬತ್ತನೇ ದಿನದ ನೆಗೆಟಿವ್‌ನಿಂದ ಅದು ಇರಲಿಲ್ಲ ಎಂದು ಹೇಳಲಾಗದು. ಈಗ ಮಾಡಿಸಬೇಕಾದದ್ದು ಚಿಕುನ್‌ಗುನ್ಯ ಐಜಿಎಂ ಎಲೈಸಾ. ನೋವು ಹೋಗಿದ್ದರೆ ಅದೂ ಬೇಡ. ಮುಂದೆ ಯಾರಿಗೇ ಆಗಲಿ, ಜ್ವರದ ಜೊತೆ ಗಂಟು ನೋವು ಅಂತ ಡೈಕ್ಲೋಫೆನಾಕ್ ಇಂಜೆಕ್ಷನ್ನು, ಐಬುಪ್ರೊಫೆನ್ ಮಾತ್ರೆ ತೆಗೆದುಕೊಳ್ಳಬೇಡಿ. ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಅವು ರಕ್ತಸ್ರಾವಕ್ಕೆ ದಾರಿ.

ಮಗನಿಗೆ ಅಪ್ಪನಿಂದ ಬಂತಾ? ಇಲ್ಲ, ಲೆಕ್ಕ ಹೊಂದುವುದಿಲ್ಲ. ಡೆಂಗಿ ರೋಗಿಯ ರಕ್ತ ಕುಡಿದ ಸೊಳ್ಳೆ ತಕ್ಷಣ ಇನ್ನೊಬ್ಬರಿಗೆ ಕೊಡಲಾರದು. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿಗೆ ಬರಲು ಸುಮಾರು 8ರಿಂದ 12 ದಿನ ಬೇಕು. ಕಚ್ಚಿದ ಮೇಲೆ ಜ್ವರ ಬರಲು ಮತ್ತೆ 4ರಿಂದ 10 ದಿನ. ನಿಮ್ಮ ಯಜಮಾನರಿಗೂ ಮಗನಿಗೂ ನಡುವೆ ಇರುವುದು ನಾಲ್ಕೇ ದಿನ. ಹಾಗಾದರೆ ಇಬ್ಬರಿಗೂ ಹೆಚ್ಚೂಕಡಿಮೆ ಒಂದೇ ಸಮಯದಲ್ಲಿ, ಮೊದಲೇ ವೈರಸ್ ಹೊತ್ತಿದ್ದ ಸೊಳ್ಳೆ ಕಚ್ಚಿದೆ. ಅದು ನಿಮ್ಮ ಮನೆಯಲ್ಲೋ, ಅಕ್ಕಪಕ್ಕದಲ್ಲೋ ಇತ್ತು. ಮಗನೊಬ್ಬನೇ ಶಾಲೆಯಲ್ಲಿ ಕಚ್ಚಿಸಿಕೊಂಡಿದ್ದರೆ ಬೇರೆ ಮಾತು. ಆದರೆ ಅಪ್ಪ-ಮಗ ಇಬ್ಬರೂ ಒಟ್ಟಿಗೆ ಬಿದ್ದಾಗ ನಾನು ಮೊದಲು ಅನುಮಾನಿಸುವುದು ಮನೆಯನ್ನೇ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದು ನಿಮಗೋಸ್ಕರ. ಅದೇ ಮನೆಯಲ್ಲಿ, ಅದೇ ಸೊಳ್ಳೆಗಳ ನಡುವೆ ನೀವೂ ಇದ್ದಿರಿ. ಹಾಗೆಯೇ ಅಪ್ಪ-ಮಗನನ್ನು ಜ್ವರದ ಮೊದಲ ದಿನಗಳಲ್ಲಿ ಕಚ್ಚಿದ ಹೊಸ ಸೊಳ್ಳೆಗಳು ಈಗ, ಮೂರು ವಾರದ ಹೊತ್ತಿಗೆ, ವೈರಸ್ ಹಂಚುವ ಸ್ಥಿತಿಗೆ ಬಂದಿರುತ್ತವೆ.

ಜ್ವರವಿಲ್ಲದ ನಿಮಗೆ ಈಗ ಪಿಸಿಆರ್ ಬೇಕಾ ಎಂದರೆ, ಡೆಂಗಿಗೆ ಬೇಡ. ಏನೂ ಲಕ್ಷಣವಿಲ್ಲದಾಗ ಯಾವ ದಿನ ಎಂದು ರಕ್ತ ತೆಗೆಯುವುದು? ನೆಗೆಟಿವ್ ಬಂದರೂ ಅದು ನಾಳೆಗೆ ಅನ್ವಯಿಸುವುದಿಲ್ಲ. ಸುಮ್ನೆ ಸಮಾಧಾನಕ್ಕೆ ದುಡ್ಡು ಕೊಟ್ಟ ಹಾಗೆ.

ನಿಮ್ಮ ಮನಸ್ಸಿನಲ್ಲಿರುವ ನಿಜವಾದ ಭಯ ಝೀಕಾ ಎಂದು ನನಗೆ ಅರ್ಥವಾಗುತ್ತದೆ. ನಮ್ಮ ರಾಜ್ಯದಲ್ಲಿ ಝೀಕಾ ಇಲ್ಲವೇ ಇಲ್ಲ ಎಂದು ಹೇಳಲಾರೆ. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಒಂದು ಪುಟ್ಟ ಮಗುವಿನಲ್ಲಿ ಪತ್ತೆಯಾಯಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದ ಸುತ್ತ ಹಿಡಿದ ಸೊಳ್ಳೆಗಳಲ್ಲಿ ಸಿಕ್ಕಿತು. 2024ರಲ್ಲಿ ಶಿವಮೊಗ್ಗದಲ್ಲಿ, ಬೆಂಗಳೂರಿನ ಹತ್ತಿರದ ಜಿಗಣಿಯಲ್ಲಿ ಕಾಣಿಸಿತು. ಅದೇ ವರ್ಷ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಗರ್ಭಿಣಿಯರ ಮೇಲೆ ನಿಗಾ ಇಡಿ ಎಂದು ಎಲ್ಲ ರಾಜ್ಯಗಳಿಗೂ ಬರೆಯಿತು. ಡೆಂಗಿಗೆ ಹೋಲಿಸಿದರೆ ಸಂಖ್ಯೆ ತೀರಾ ಕಡಿಮೆ. ಆದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುವ ವೈರಸ್ ಇದು, ಹೆಚ್ಚಿನವರಲ್ಲಿ ಲಕ್ಷಣವನ್ನೇ ತೋರಿಸುವುದಿಲ್ಲ. ಭಯ ಪಡುವುದರಲ್ಲಿ ತಪ್ಪಿಲ್ಲ.

ಈಗ ನಿಮ್ಮ ಮನೆಯ ಸಾಕ್ಷ್ಯ ನೋಡೋಣ. ಝೀಕಾ ಮತ್ತು ಡೆಂಗಿ ಒಂದೇ ಕುಟುಂಬದ ವೈರಸ್‌ಗಳು. ಹಾಗಾಗಿ ಝೀಕಾ ಬಂದವರಿಗೂ ಕೆಲವೊಮ್ಮೆ ಡೆಂಗಿ ಐಜಿಎಂ ಪಾಸಿಟಿವ್ ತೋರಿಸುತ್ತದೆ. ಯಜಮಾನರ ಕಾರ್ಡ್ ಒಂದನ್ನೇ ನೋಡಿದರೆ ಈ ಅನುಮಾನವನ್ನು ಪೂರ್ತಿ ಅಳಿಸಲಾಗದು. ಅವರ ಒಂಬತ್ತನೇ ದಿನದ ರಕ್ತದಲ್ಲಿ ಝೀಕಾ ಸಿಗದಿರುವುದೂ ಪೂರ್ತಿ ಉತ್ತರವಲ್ಲ. ಝೀಕಾ ರಕ್ತದಿಂದ ಬೇಗ ಮಾಯವಾಗಿ ಮೂತ್ರದಲ್ಲಿ ಎರಡು ವಾರದವರೆಗೂ ಸಿಗುತ್ತದೆ. ಅವತ್ತು ಮೂತ್ರವನ್ನೂ ಪರೀಕ್ಷಿಸಿದ್ದರೆ ಚೆನ್ನಾಗಿತ್ತು, ಈಗ ಆ ಸಮಯ ಮುಗಿದಿದೆ. ಆದರೆ ಅದೇ ಮನೆಯಲ್ಲಿ, ಅದೇ ವಾರ, ಮಗನಿಗೆ ವೈರಸ್ಸಿನ ಆರ್‌ಎನ್‌ಎಯೇ ಸಿಕ್ಕಿ ಡೆಂಗಿ ಎಂದು ಖಚಿತವಾಗಿದೆ, ಝೀಕಾ ಇಲ್ಲ ಎಂದೂ ಬಂದಿದೆ. ಅದೂ ಎರಡನೇ ದಿನ, ಟೆಸ್ಟ್ ಚೆನ್ನಾಗಿ ಕೆಲಸ ಮಾಡುವ ಸಮಯದಲ್ಲಿ. ಒಂದೇ ಮನೆಯಲ್ಲಿ ನಾಲ್ಕು ದಿನದ ಅಂತರದಲ್ಲಿ ಒಬ್ಬರಿಗೆ ಡೆಂಗಿ, ಇನ್ನೊಬ್ಬರಿಗೆ ಝೀಕಾ ಅನ್ನುವುದು ಬಹಳ ದೂರದ ಮಾತು. ಮಗನ ಆ ಪಿಸಿಆರ್‌ನಿಂದ ಮಗನ ಚಿಕಿತ್ಸೆಗೆ ಹೆಚ್ಚು ವ್ಯತ್ಯಾಸವಾಗಲಿಲ್ಲ. ನಿಮ್ಮ ಆತಂಕಕ್ಕೆ ಮಾತ್ರ ಅದೇ ಒಳ್ಳೆಯ ಉತ್ತರ.

ಆದ್ದರಿಂದ ನಾನು ಹೇಳುವುದಿಷ್ಟು. ಈ ರಿಪೋರ್ಟ್‌ಗಳನ್ನೆಲ್ಲ ನಿಮ್ಮ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಮನೆಯಲ್ಲಿ ಡೆಂಗಿ ಆಗಿತ್ತು ಎಂದು ತಾಯಿ ಕಾರ್ಡಿನಲ್ಲಿ ಬರೆಸಿ. 18ರಿಂದ 20 ವಾರದ ನಡುವೆ ಮಾಡುವ ಅನಾಮಲಿ ಸ್ಕ್ಯಾನ್ ತಪ್ಪಿಸಬೇಡಿ. ಮಗುವಿನ ತಲೆಯ ಅಳತೆಯನ್ನು ಅದರಲ್ಲಿ ನೋಡುತ್ತಾರೆ. ಇನ್ನೂ ಅಳುಕಿದ್ದರೆ ಹೆರಿಗೆಯವರೆಗೆ ಕಾಂಡೋಮ್ ಬಳಸಿ. ಝೀಕಾ ಗಂಡಸಿನ ವೀರ್ಯದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು, ಖರ್ಚಿಲ್ಲದ ಎಚ್ಚರಿಕೆ ಇದು.

ಇನ್ನು ಮುಂದೆ ನಿಮಗೆ ಜ್ವರವೋ, ಮೈಮೇಲೆ ಕೆಂಪು ದದ್ದೋ, ಕಣ್ಣು ಕೆಂಪಾಗುವುದೋ ಆದರೆ ಕತೆ ಬೇರೆ. ಆಗ ಕಾರ್ಡಿನಲ್ಲಿ ಸಮಯ ಕಳೆಯಬೇಡಿ. ಮೊದಲ ದಿನವೇ ವೈದ್ಯರನ್ನು ಕಂಡು, ಡೆಂಗಿ, ಚಿಕುನ್‌ಗುನ್ಯ, ಝೀಕಾ ಮೂರಕ್ಕೂ ಪಿಸಿಆರ್ ಕೇಳಿ, ರಕ್ತದ ಜೊತೆ ಮೂತ್ರವನ್ನೂ ಕೊಡಿ. ಪಿಸಿಆರ್‌ಗೆ ದುಡ್ಡು ಹಾಕುವುದಾದರೆ ಅಂಥ ದಿನ ಹಾಕಬೇಕು. ಝೀಕಾ ಪಾಸಿಟಿವ್ ಬಂದರೆ ಖಾಸಗಿ ಲ್ಯಾಬಿನ ಮಾತಿಗೇ ನಿಲ್ಲದೆ, ಸರ್ಕಾರಿ ವೈದ್ಯರ ಮೂಲಕ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೋ ಅದರ ಜಾಲದ ಲ್ಯಾಬಿಗೋ ಕಳಿಸಿ ಖಚಿತಪಡಿಸಿಕೊಳ್ಳಬೇಕು. ಹೆರಿಗೆಯ ಆಸುಪಾಸಿನಲ್ಲಿ ತಾಯಿಗೆ ಜ್ವರ ಬಂದರೂ ಪಿಸಿಆರ್ ಬೇಕೇ ಬೇಕು. ಆಗ ಚಿಕುನ್‌ಗುನ್ಯ ಇದ್ದರೆ ಹುಟ್ಟುವ ಮಗುವಿಗೆ ದಾಟುವ ಅಪಾಯ ಜಾಸ್ತಿ. ಎಳೆಗೂಸುಗಳಲ್ಲೂ ಅಷ್ಟೇ. ತಾಯಿಯಿಂದ ಬಂದ ಐಜಿಜಿ ಅವುಗಳ ರಕ್ತದಲ್ಲಿ ತಿಂಗಳುಗಟ್ಟಲೆ ಇರುವುದರಿಂದ ಪ್ರತಿಕಾಯದ ಟೆಸ್ಟ್ ದಾರಿ ತಪ್ಪಿಸುತ್ತದೆ.

ಪಕ್ಕದ ಮನೆಯವರು ನಿಮ್ಮನ್ನು ಕೇಳಿದರೆ ಇದನ್ನೂ ಹೇಳಿ: ಡೆಂಗಿ ಪಿಸಿಆರ್ ನೆಗೆಟಿವ್ ಅಂದರೆ ಆ ದಿನ ಆ ವೈರಸ್ ಸಿಗಲಿಲ್ಲ ಎಂದಷ್ಟೇ. ಮಲೇರಿಯಾ, ಇಲಿ ಜ್ವರ, ಸ್ಕ್ರಬ್ ಟೈಫಸ್ ಯಾವುದನ್ನೂ ಅದು ನೋಡಿರುವುದಿಲ್ಲ. ಮಲೆನಾಡಿನ ನೆಂಟರ ಮನೆಯಿಂದ ಬಂದವರಿಗೆ ಬೇಸಿಗೆಯಲ್ಲಿ ಜ್ವರವಾದರೆ ಮಂಗನ ಕಾಯಿಲೆಯೂ ಇರಬಹುದು. ಅದಕ್ಕೆ ಉಣುಗು ಕಾರಣ, ಅದರ ಪಿಸಿಆರ್ರೇ ಬೇರೆ.

ಕೊನೆಗೆ ಮನೆಯ ಸುತ್ತ. ಈಡಿಸ್ ಸೊಳ್ಳೆ ಕಚ್ಚುವುದು ಹಗಲು. ರಾತ್ರಿ ಮಾತ್ರ ಪರದೆ ಕಟ್ಟಿದರೆ ಪ್ರಯೋಜನವಿಲ್ಲ. ಮಧ್ಯಾಹ್ನ ಮಲಗುವಾಗಲೂ ಕಟ್ಟಿಕೊಳ್ಳಿ, ತುಂಬು ತೋಳಿನ ಬಟ್ಟೆ ಹಾಕಿ. ಗರ್ಭಿಣಿಯರು ಹಚ್ಚಬಹುದಾದ ಸೊಳ್ಳೆ ಮುಲಾಮು ಯಾವುದು ಎಂದು ವೈದ್ಯರನ್ನೇ ಕೇಳಿ. ಈಡಿಸ್‌ನ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ ಗೊತ್ತು ಮಾಡಿ ಡ್ರಮ್ಮು, ತೊಟ್ಟಿಗಳನ್ನು ಖಾಲಿ ಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ಒಣಗಿಸಿ. ಮೊಟ್ಟೆ ಅಂಟಿರುವುದು ಗೋಡೆಗೆ, ನೀರು ಚೆಲ್ಲಿದರಷ್ಟೇ ಹೋಗುವುದಿಲ್ಲ. ಫ್ರಿಜ್ಜಿನ ಹಿಂದಿನ ತಟ್ಟೆ ಎಳೆದು ನೋಡಿ. ನಿಮ್ಮದು ಕೊಬ್ಬರಿಯ ಊರು. ಹಿತ್ತಲಲ್ಲಿ ಸುಲಿದು ಎಸೆದ ಚಿಪ್ಪು, ಎಳನೀರು ಬುರುಡೆಗಳಲ್ಲಿ ಮಳೆ ನೀರು ನಿಂತಿದ್ದರೆ ಈಡಿಸ್‌ಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲು ಬೇಡ. ಈ ಕೆಲಸ ನೀವು ಮಾಡಬೇಡಿ, ಹುಷಾರಾದ ಅಪ್ಪ-ಮಗನಿಗೆ ಹಚ್ಚಿ. ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಿ. ಒಂದೇ ಮನೆಯಲ್ಲಿ ಎರಡು ಡೆಂಗಿ ಆಗಿದೆ ಅಂದರೆ ಬೀದಿಯಲ್ಲಿ ಲಾರ್ವಾ ಹುಡುಕಲು ಬರಬೇಕಾದದ್ದು ಅವರ ಕೆಲಸ.

ಮಗನ ಪಿಸಿಆರ್ ರಿಪೋರ್ಟನ್ನು ಎಸೆಯಬೇಡಿ, ಫೋನಿನಲ್ಲೂ ಒಂದು ಫೋಟೋ ಇಟ್ಟುಕೊಳ್ಳಿ. ಇನ್ನು ಐದು ವರ್ಷ ಕಳೆದು ಅವನಿಗೆ ಜ್ವರ ಬಂದರೆ, ಒಮ್ಮೆ ಡೆನ್-2 ಆಗಿತ್ತು ಎಂದು ವೈದ್ಯರಿಗೆ ಮೊದಲೇ ತಿಳಿಯಲಿ. ಯಜಮಾನರ ಕಾರ್ಡಿನ ರಿಪೋರ್ಟೂ ಅದರ ಜೊತೆಗೇ ಇರಲಿ.